ದನಿ ಹೋಗುವ ದಾರಿ

ತುರುವೇಕೆರೆ ಸೀಮೆಯ ನಮ್ಮೂರಿನಲ್ಲಿ ಪದ ಹಾಡುತ್ತಾರೆ ಅನ್ನುವುದಿಲ್ಲ, ಪದ ಹೇಳುತ್ತಾರೆ ಅನ್ನುತ್ತೇವೆ. ಹಾಗೆ ಹೇಳುವವರಲ್ಲಿ ನನ್ನ ಸೋದರತ್ತೆ ಒಬ್ಬರು. ಮದುವೆಮನೆಯಲ್ಲಿ ಎಣ್ಣೆ ಹಚ್ಚುವುದಕ್ಕೆ ಒಂದು, ಹಸೆಗೆ ಕರೆಯುವುದಕ್ಕೆ ಒಂದು, ಹೆಣ್ಣು ಒಪ್ಪಿಸುವುದಕ್ಕೆ ಒಂದು, ಹೀಗೆ ಹೆಜ್ಜೆ ಹೆಜ್ಜೆಗೂ ಅವರಲ್ಲಿ ಸೋಬಾನೆ ಪದಗಳಿವೆ. ಯಾವುದನ್ನೂ ಬರೆದಿಟ್ಟಿಲ್ಲ. ಎಲ್ಲ ಬಾಯಿಗೆ ಬಂದದ್ದು, ಬಾಯಲ್ಲೇ ಉಳಿದದ್ದು. ಅದನ್ನು ಮುದ್ರಿಸಿಕೊಳ್ಳಲೆಂದು ಕಳೆದ ವರ್ಷ ಲ್ಯಾಪ್‌ಟಾಪ್ ಮತ್ತು ಹೊಸದಾಗಿ ಕೊಂಡ ಯುಎಸ್‌ಬಿ ಮೈಕು ಹಿಡಿದು ಊರಿಗೆ ಹೋದೆ. ನಡುಮನೆಯಲ್ಲಿ ಚಾಪೆ ಹಾಸಿ ಅತ್ತೆಯನ್ನು ಕೂರಿಸಿ, ಮೈಕನ್ನು ಅವರ ಮುಂದಿಟ್ಟೆ. ತಂತಿ ಎಟಕುವಷ್ಟು ಆಚೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಂಪು ಗುಂಡಿ ಒತ್ತಿದೆ. ಪರದೆಯ ಮೇಲೆ ನೀಲಿ ಅಲೆ ಓಡತೊಡಗಿತು. ಅತ್ತೆ 40 ನಿಮಿಷ ಮೈಮರೆತು ಹೇಳಿದರು.

ರಾತ್ರಿ ಇಯರ್‌ಫೋನ್ ಹಾಕಿ ಕೇಳಿದಾಗ ಎದೆ ಧಸಕ್ಕೆಂದಿತು. ಅತ್ತೆಯ ದನಿ ಬಾವಿಯ ಆಳದಿಂದ ಬಂದಂತಿತ್ತು. ಅದಕ್ಕಿಂತ ಗಟ್ಟಿಯಾಗಿ ಲ್ಯಾಪ್‌ಟಾಪಿನ ಫ್ಯಾನಿನ ಸದ್ದು, ನಾನು ಕೀಲಿ ಒತ್ತಿದ ಸದ್ದು, ನಾನು ಕೆಮ್ಮಿದ ಸದ್ದು ಕೇಳಿಸುತ್ತಿತ್ತು. ಮೈಕು ಕೆಟ್ಟಿರಲಿಲ್ಲ. ಅದನ್ನು ಸಿಕ್ಕಿಸುವ ಮೊದಲೇ ತಂತ್ರಾಂಶವನ್ನು ತೆರೆದಿದ್ದೆ. ಹಾಗಾಗಿ ಅದು ತನಗೆ ಗೊತ್ತಿದ್ದ ಒಂದೇ ಕಿವಿಯಿಂದ, ಅಂದರೆ ಲ್ಯಾಪ್‌ಟಾಪಿನೊಳಗೆ ಹುದುಗಿರುವ ಪುಟ್ಟ ಮೈಕಿನಿಂದ ಕೇಳಿಸಿಕೊಂಡಿತ್ತು. ಅತ್ತೆಯ ಮುಂದಿದ್ದ ಮೈಕು 40 ನಿಮಿಷ ಸುಮ್ಮನೆ ನಿಂತಿತ್ತು.

ಆ ರಾತ್ರಿ ಅರ್ಥವಾದ ಒಂದು ಮಾತನ್ನು ಹೇಳಲೆಂದೇ ಈ ಬರಹ. ಮನೆಯಲ್ಲಿ ಮೊದಲ ಸಲ ಧ್ವನಿ ಮುದ್ರಿಸಲು ಹೊರಟವರು ಗುಂಡಿಗಳನ್ನು ಕಲಿಯಲು ಹೋಗಿ ಸೋಲುತ್ತೇವೆ. ಕಲಿಯಬೇಕಾದದ್ದು ದನಿ ಹೋಗುವ ದಾರಿ. ಗಂಟಲಿನಿಂದ ಹೊರಟ ದನಿ ಕೋಣೆಯನ್ನು ದಾಟಿ, ಮೈಕನ್ನು ಹೊಕ್ಕು, ವಿದ್ಯುತ್ತಾಗಿ, ಅಂಕಿಯಾಗಿ, ಗಣಕದ ಬಾಗಿಲು ದಾಟಿ, ತಂತ್ರಾಂಶಕ್ಕೆ ಬಂದು, ಕೊನೆಗೆ ಕಡತವಾಗಿ ಕೂರುತ್ತದೆ. ಈ ದಾರಿಯ ಒಂದೊಂದು ತಿರುವೂ ಗೊತ್ತಿದ್ದರೆ ಯಾವ ತಂತ್ರಾಂಶವಾದರೂ ಒಂದು ಸಂಜೆಯಲ್ಲಿ ಕೈಗೆ ಹತ್ತುತ್ತದೆ. ಗೊತ್ತಿಲ್ಲದಿದ್ದರೆ ಎಷ್ಟು ಬೆಲೆಯ ಸಾಮಾನಿದ್ದರೂ ನನ್ನ ನಡುಮನೆಯಲ್ಲಿ ಆದದ್ದೇ ಆಗುತ್ತದೆ. ಆದ್ದರಿಂದ ದನಿ ಹೋಗುವ ಕ್ರಮದಲ್ಲೇ ನಾವೂ ಹೋಗೋಣ.

ಮೊದಲ ತಿರುವು: ಕೋಣೆ

ದನಿ ಬಾಯಿಂದ ಹೊರಟ ಕೂಡಲೇ ಎಲ್ಲ ದಿಕ್ಕಿಗೂ ಹರಡುತ್ತದೆ. ಗಾಳಿಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಎರಡು ಮೀಟರ್ ಆಚೆಯ ಗೋಡೆಗೆ ಬಡಿದು ವಾಪಸು ಬರಲು ಅದಕ್ಕೆ 12 ಮಿಲಿಸೆಕೆಂಡ್ ಸಾಕು. ನಮ್ಮ ಕಿವಿ ಇದನ್ನು ಬೇರೆ ಸದ್ದು ಎಂದು ಗುರುತಿಸುವುದಿಲ್ಲ, ಮೂಲದ ದನಿಗೇ ಬೆರೆಸಿಬಿಡುತ್ತದೆ. ಎದುರಿಗೆ ಕೂತು ಕೇಳುವಾಗ ಮನಸ್ಸು ಗೋಡೆಯ ಸದ್ದನ್ನು ಬದಿಗೆ ಸರಿಸಿ ಮನುಷ್ಯನ ದನಿಯನ್ನು ಮಾತ್ರ ಆರಿಸಿಕೊಳ್ಳುತ್ತದೆ. ಮೈಕಿಗೆ ಆ ವಿವೇಚನೆ ಇಲ್ಲ. ಬಂದದ್ದೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಎದುರಿಗೆ ಕೇಳುವಾಗ ಚೆನ್ನಾಗಿದ್ದ ದನಿ ಮುದ್ರಣದಲ್ಲಿ ಬಾವಿಯ ದನಿಯಾಗುವುದು ಹೀಗೆ.

ಹೊಸ ಕಾಂಕ್ರೀಟ್ ಮನೆಗಳ ಬೋಳು ಗೋಡೆ, ಟೈಲ್ಸ್ ನೆಲ, ಗಾಜಿನ ಕಿಟಕಿ ಇವೆಲ್ಲ ಸದ್ದನ್ನು ಚೆಂಡಿನಂತೆ ವಾಪಸು ಎಸೆಯುತ್ತವೆ. ಬಟ್ಟೆ, ಹಾಸಿಗೆ, ದಿಂಬು, ಪುಸ್ತಕದ ಕಪಾಟು, ಕಾಳಿನ ಮೂಟೆ ಸದ್ದನ್ನು ಹೀರುತ್ತವೆ ಅಥವಾ ಚದುರಿಸುತ್ತವೆ. ಹಾಗಾಗಿ ಮನೆಯಲ್ಲಿ ಬಟ್ಟೆಬರೆ ತುಂಬಿದ ಮಲಗುವ ಕೋಣೆಯೇ ಒಳ್ಳೆಯ ಸ್ಟುಡಿಯೊ. ಹಾಡುವವರ ಬೆನ್ನ ಹಿಂದೆ ಮತ್ತು ಎರಡೂ ಪಕ್ಕಕ್ಕೆ ದಪ್ಪ ರಗ್ಗು ತೂಗುಹಾಕಿ. ಉತ್ತರ ಕರ್ನಾಟಕದ ಮನೆಗಳಲ್ಲಾದರೆ ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿ ಇದ್ದೇ ಇರುತ್ತದೆ. ಅಷ್ಟು ಪದರಗಳಿರುವ ಕೌದಿ ಮಾತಿನ ದನಿಯ ಮಾರ್ದನಿಯನ್ನು ಚೆನ್ನಾಗಿ ಅಡಗಿಸುತ್ತದೆ. ಕೋಣೆ ಹೇಗಿದೆಯೆಂದು ಪರೀಕ್ಷಿಸಲು ನಡುವೆ ನಿಂತು ಒಮ್ಮೆ ಚಪ್ಪಾಳೆ ಹೊಡೆಯಿರಿ. ಚಪ್ಪಾಳೆಯ ಹಿಂದೆಯೇ ‘ಝಂಯ್’ ಎಂಬ ಬಾಲ ಕೇಳಿಸಿದರೆ ಇನ್ನಷ್ಟು ಬಟ್ಟೆ ಬೇಕು.

ಆಮೇಲೆ ಒಂದು ನಿಮಿಷ ಕಣ್ಣು ಮುಚ್ಚಿ ಕೂತು ಮನೆಯ ಸದ್ದನ್ನು ಕೇಳಿ. ಫ್ಯಾನು ಆರಿಸಿ. ಫ್ರಿಜ್ಜು ಪಕ್ಕದಲ್ಲಿದ್ದರೆ ಸ್ವಲ್ಪ ಹೊತ್ತು ನಿಲ್ಲಿಸಿ. ಕುಕ್ಕರ್ ಇಳಿಸಿ. ಮೊಬೈಲನ್ನು ಬೇರೆ ಕೋಣೆಗೆ ಕಳಿಸಿ. ಹಳ್ಳಿಯಲ್ಲಾದರೆ ಬೆಳಗಿನ ಜಾವದ ಹಕ್ಕಿಗಳ ಗದ್ದಲ ಇಳಿದ ಮೇಲೆ, ಪೇಟೆಯಲ್ಲಾದರೆ ರಸ್ತೆ ಮಲಗಿದ ಮೇಲೆ ಒಳ್ಳೆಯ ಸಮಯ.

ಸ್ಟುಡಿಯೊ ಇಲ್ಲದೆ ಇದೆಲ್ಲ ಆಗುತ್ತದೆಯೇ ಎಂಬ ಅಳುಕಿದ್ದರೆ ಮೈಸೂರನ್ನು ನೆನೆಯಿರಿ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ಬಾನುಲಿ ಕೇಂದ್ರ ತೆರೆದದ್ದು ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿ, 30 ವ್ಯಾಟ್‌ನ ಪುಟ್ಟ ಪ್ರಸಾರಯಂತ್ರ ಇಟ್ಟುಕೊಂಡು. ಅದರ ಹೆಸರು ‘ಆಕಾಶವಾಣಿ’. ಮುಂದೆ ಇಡೀ ದೇಶದ ಬಾನುಲಿಗೆ ಅದೇ ಹೆಸರಾಯಿತು. ಕನ್ನಡ ನಾಡಿನ ಬಾನುಲಿ ಹುಟ್ಟಿದ್ದೇ ಒಂದು ಮನೆಯೊಳಗೆ.

ಎರಡನೆಯ ತಿರುವು: ಮೈಕು

ಮೈಕಿನ ಕೆಲಸ ಒಂದೇ: ಗಾಳಿಯ ನಡುಕವನ್ನು ವಿದ್ಯುತ್ತಿನ ನಡುಕವಾಗಿ ಬದಲಿಸುವುದು. ಡೈನಾಮಿಕ್ ಮೈಕಿನಲ್ಲಿ ತೆಳು ಪೊರೆಗೆ ಅಂಟಿದ ತಂತಿಸುರುಳಿ ಅಯಸ್ಕಾಂತದ ನಡುವೆ ಅಲುಗಾಡುತ್ತದೆ. ವೇದಿಕೆಯ ಮೇಲೆ ಗಾಯಕರು ಕೈಯಲ್ಲಿ ಹಿಡಿಯುವುದು ಹೆಚ್ಚಾಗಿ ಇದನ್ನೇ. ಇದು ಗಟ್ಟಿಮುಟ್ಟು, ದೂರದ ಸದ್ದಿಗೆ ಅಷ್ಟಾಗಿ ಕಿವಿಗೊಡುವುದಿಲ್ಲ. ಕಂಡೆನ್ಸರ್ ಮೈಕಿನಲ್ಲಿ ತೆಳು ಪೊರೆ ಮತ್ತು ಲೋಹದ ಫಲಕದ ನಡುವಿನ ಅಂತರ ಬದಲಾಗುತ್ತ ವಿದ್ಯುತ್ತು ಏರಿಳಿಯುತ್ತದೆ. ಇದು ಬಹಳ ಸೂಕ್ಷ್ಮ. ಉಸಿರು, ಬಳೆ, ಪಕ್ಕದ ಮನೆಯ ಟಿವಿ ಎಲ್ಲವನ್ನೂ ಹಿಡಿಯುತ್ತದೆ. ಕೋಣೆ ಸದ್ದಿನದಾದರೆ ಡೈನಾಮಿಕ್, ಕೋಣೆ ನಿಶ್ಶಬ್ದವಾಗಿದ್ದರೆ ಕಂಡೆನ್ಸರ್ ಎಂಬುದು ಮೊದಲ ಮೈಕು ಕೊಳ್ಳುವವರಿಗೆ ಸಾಕಾಗುವ ಸೂತ್ರ.

ಯುಎಸ್‌ಬಿ ಮೈಕಿನಲ್ಲಿ ವಿದ್ಯುತ್ತನ್ನು ಅಂಕಿಯಾಗಿಸುವ ಚಿಪ್ಪು ಒಳಗೇ ಇರುತ್ತದೆ, ನೇರ ಗಣಕಕ್ಕೆ ಸಿಕ್ಕಿಸಬಹುದು. ಮೂರು ಕಡ್ಡಿಯ ದುಂಡು ಪಿನ್ನಿನ ಮೈಕಾದರೆ ನಡುವೆ ಆಡಿಯೊ ಇಂಟರ್‌ಫೇಸ್ ಎಂಬ ಪೆಟ್ಟಿಗೆ ಬೇಕು. ಆ ಪೆಟ್ಟಿಗೆಯ ಮೇಲೆ ‘48 ವಿ’ ಎಂಬ ಗುಂಡಿ ಇರುತ್ತದೆ. ಇಂಟರ್‌ಫೇಸಿಗೆ ಹಾಕಿದ ಕಂಡೆನ್ಸರ್ ಮೈಕಿಗೆ ಬೇಕಾದ 48 ವೋಲ್ಟ್ ಅದರಿಂದಲೇ ಬರುತ್ತದೆ. ಅದನ್ನು ಒತ್ತದೆ, ಮೈಕು ಸತ್ತಿದೆ ಎಂದು ಅಂಗಡಿಗೆ ವಾಪಸು ಒಯ್ಯುವವರು ಎಷ್ಟೋ ಮಂದಿ.

ಮೈಕನ್ನು ಎಲ್ಲಿಡಬೇಕು? ಬಾಯಿಯಿಂದ ಒಂದು ಗೇಣು ದೂರ. ಬಾಯಿಗೂ ಮೈಕಿಗೂ ನಡುವಿನ ಅಂತರ ಅರ್ಧಕ್ಕಿಳಿದರೆ ನೇರವಾಗಿ ಬರುವ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ, ಗೋಡೆಯಿಂದ ಬರುವ ಮಾರ್ದನಿ ಮಾತ್ರ ಇದ್ದಷ್ಟೇ ಇರುತ್ತದೆ. ಅಂದರೆ ಹತ್ತಿರ ಬಂದಷ್ಟೂ ಕೋಣೆ ಹಿಂದೆ ಸರಿಯುತ್ತದೆ. ಆದರೆ ತೀರ ಹತ್ತಿರವಾದರೆ ಇನ್ನೊಂದು ಕಾಟ. ಅಂಗೈಯನ್ನು ತುಟಿಯ ಮುಂದೆ ಹಿಡಿದು ‘ಪದ’, ‘ಫಲ’, ‘ಭಕ್ತಿ’ ಅನ್ನಿ. ಗಾಳಿ ಅಂಗೈಗೆ ಬಡಿಯುತ್ತದಲ್ಲವೇ? ಮೈಕಿನ ಪೊರೆಗೆ ಅದು ಗುದ್ದಿದ ಹಾಗೆ, ‘ಧಬ್’ ಎಂದು ಮುದ್ರಣವಾಗುತ್ತದೆ. ಓಷ್ಠ್ಯಾಕ್ಷರ, ಮಹಾಪ್ರಾಣ ತುಂಬಿದ ವಚನ, ಕೀರ್ತನೆ ಹಾಡುವವರಿಗೆ ಇದು ಇನ್ನೂ ಹೆಚ್ಚು. ಪರಿಹಾರ ಸುಲಭ. ಮೈಕನ್ನು ಬಾಯಿಗೆ ನೇರ ಹಿಡಿಯದೆ ತುಸು ಪಕ್ಕಕ್ಕೆ ಸರಿಸಿ ಬಾಯಿಯ ಕಡೆಗೆ ಓರೆಯಾಗಿ ತಿರುಗಿಸಿ. ಗಾಳಿ ಪಕ್ಕದಲ್ಲಿ ಹಾದುಹೋಗುತ್ತದೆ, ದನಿ ಮಾತ್ರ ಮೈಕಿಗೆ ಬರುತ್ತದೆ.

ಬ್ಲೂಟೂತ್ ಹೆಡ್‌ಸೆಟ್ಟಿನ ಮೈಕನ್ನು ಮಾತ್ರ ಬಳಸಬೇಡಿ. ಅದರ ಮೈಕು ಚಾಲೂ ಆದ ಕೂಡಲೇ ಸಾಮಾನ್ಯವಾಗಿ ಇಡೀ ಸಂಪರ್ಕ ದೂರವಾಣಿ ಕರೆಯ ಮಟ್ಟಕ್ಕೆ ಇಳಿಯುತ್ತದೆ. ದನಿ ಕಿರಿದಾಗಿ ಡಬ್ಬಿಯೊಳಗಿನ ಮಾತಿನಂತಾಗುತ್ತದೆ. ತಡವಾಗಿಯೂ ಕೇಳಿಸುತ್ತದೆ. ಕೇಳಲು ತಂತಿಯ ಹೆಡ್‌ಫೋನೇ ಸರಿ.

ಮೂರನೆಯ ತಿರುವು: ಗಣಕದ ಬಾಗಿಲು

ನಾನು ಎಡವಿದ್ದು ಇಲ್ಲಿ. ಮೈಕು ಮತ್ತು ತಂತ್ರಾಂಶದ ನಡುವೆ ವಿಂಡೋಸ್ ಎಂಬ ದ್ವಾರಪಾಲಕನಿದ್ದಾನೆ. ಯಾವ ಮೈಕು ಒಳಗೆ ಬರಬೇಕು, ಯಾವ ತಂತ್ರಾಂಶಕ್ಕೆ ಅದನ್ನು ಕೇಳುವ ಅನುಮತಿ ಇದೆ, ಎಷ್ಟು ಗಟ್ಟಿಯಾಗಿ ಎಂಬುದನ್ನೆಲ್ಲ ಅವನು ಮೊದಲು ತೀರ್ಮಾನಿಸುತ್ತಾನೆ.

ಸೆಟ್ಟಿಂಗ್ಸ್ ತೆರೆದು ಪ್ರೈವೆಸಿ ವಿಭಾಗದಲ್ಲಿ ಮೈಕ್ರೊಫೋನ್ ಎಂಬಲ್ಲಿಗೆ ಹೋಗಿ. ಡೆಸ್ಕ್‌ಟಾಪ್ ಆ್ಯಪ್‌ಗಳಿಗೆ ಮೈಕಿನ ಅನುಮತಿ ಕೊಡುವ ಕೀಲಿ ಅಲ್ಲಿದೆ. ಅದು ಮುಚ್ಚಿದ್ದರೆ ತಂತ್ರಾಂಶದಲ್ಲಿ ಏನು ಮಾಡಿದರೂ ನೆಟ್ಟಗಿನ ಗೆರೆಯಷ್ಟೇ ಕಾಣುತ್ತದೆ. ಬಳಿಕ ಸೌಂಡ್ ವಿಭಾಗದ ಇನ್‌ಪುಟ್‌ನಲ್ಲಿ ನಿಮ್ಮ ಮೈಕನ್ನೇ ಆರಿಸಿ.

ಅಲ್ಲೇ ಇನ್ನೊಂದು ಕಡೆ ಗಮನ ಕೊಡಬೇಕು. ಎನ್‌ಹ್ಯಾನ್ಸ್‌ಮೆಂಟ್ಸ್ ಎಂಬ ಹೆಸರಿನಲ್ಲಿ ಸದ್ದು ತಗ್ಗಿಸುವ, ದನಿ ತಾನಾಗಿ ಏರಿಸುವ ಕೆಲವು ಸೌಲಭ್ಯಗಳು ಇರುತ್ತವೆ. ವಿಡಿಯೊ ಕರೆಯಲ್ಲಿ ಮಾತಾಡುವುದಕ್ಕೆ ಇವು ಅನುಕೂಲ. ಹಾಡಿಗೆ ಶತ್ರುಗಳು. ಒಂದೇ ಸಮನೆ ಇರುವ ಸದ್ದೆಲ್ಲ ಗದ್ದಲ ಎಂಬುದು ಇವುಗಳ ಲೆಕ್ಕ. ತಂಬೂರಿಯ ಶ್ರುತಿಯೂ ಒಂದೇ ಸಮನೆ ಇರುವ ಸದ್ದು. ಹಾಗಾಗಿ ಶ್ರುತಿಪೆಟ್ಟಿಗೆ ಹಾಕಿಕೊಂಡು ಹಾಡಿದರೆ ಕೆಲವೇ ಸೆಕೆಂಡಿನಲ್ಲಿ ಶ್ರುತಿ ಮಾಯವಾಗಿ, ಹಾಡುವ ದನಿಯ ಅಂಚೂ ಕತ್ತರಿಸಿಹೋಗುತ್ತದೆ. ಇಂಥವನ್ನೆಲ್ಲ ಆಫ್ ಮಾಡಿಬಿಡಿ.

ನಾಲ್ಕನೆಯ ತಿರುವು: ತಂತ್ರಾಂಶ

ಈಗ ತಂತ್ರಾಂಶದ ಮಾತು. ಮೊದಲ ಟ್ರ್ಯಾಕ್‌ಗೆ ನಾನು ಹೇಳುವುದು ಆಡಾಸಿಟಿ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡೊಮಿನಿಕ್ ಮಜೋನಿ ಮತ್ತು ರೋಜರ್ ಡ್ಯಾನೆನ್‌ಬರ್ಗ್ 1999ರಲ್ಲಿ ಆರಂಭಿಸಿ 2000ದಲ್ಲಿ ಲೋಕಕ್ಕೆ ಬಿಟ್ಟ ಮುಕ್ತ ತಂತ್ರಾಂಶ ಇದು. ಅಂದಿನಿಂದ ಇಂದಿನವರೆಗೂ ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಆ್ಯಪಲ್ ಗಣಕ ಇರುವವರಿಗೆ ಗರಾಜ್‌ಬ್ಯಾಂಡ್ ಬಿಟ್ಟಿಯಾಗಿ ಸಿಗುತ್ತದೆ. ಹತ್ತಾರು ಟ್ರ್ಯಾಕ್ ಇಟ್ಟು ಹಾಡು ಕಟ್ಟುವ ಹಂತಕ್ಕೆ ಬಂದವರು ರೀಪರ್, ಆರ್ಡರ್‌ನಂಥವನ್ನು ನೋಡಬಹುದು. ಹೆಸರು ಬೇರೆಯಾದರೂ ಎಲ್ಲವೂ ಕೇಳುವ ಪ್ರಶ್ನೆಗಳು ಒಂದೇ. ತಂತ್ರಾಂಶವನ್ನು ಅದರ ತಯಾರಕರ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಉಚಿತ ತಂತ್ರಾಂಶದ ಹೆಸರಿನಲ್ಲಿ ಕಸ ಸೇರಿಸಿ ಕೊಡುವ ತಾಣಗಳು ಬೇಕಾದಷ್ಟಿವೆ.

ಮೊದಲು ಮೈಕು ಸಿಕ್ಕಿಸಿ, ಆಮೇಲೆ ಆಡಾಸಿಟಿ ತೆರೆಯಿರಿ. ತೆರೆಯುವ ಹೊತ್ತಿಗೆ ಯಾವ ಸಾಧನಗಳಿದ್ದವೋ ಅವುಗಳನ್ನಷ್ಟೇ ಅದು ಪಟ್ಟಿ ಮಾಡಿಕೊಂಡಿರುತ್ತದೆ. ಮರೆತಿದ್ದರೆ ‘ರಿಸ್ಕ್ಯಾನ್ ಆಡಿಯೊ ಡಿವೈಸಸ್’ ಎಂಬುದನ್ನು ಒತ್ತಿದರೆ ಮತ್ತೆ ಹುಡುಕುತ್ತದೆ. ಮೂರನೆಯ ಸರಣಿಯ ಆಡಾಸಿಟಿಯಲ್ಲಿ ಮೇಲ್ಪಟ್ಟಿಯಲ್ಲೇ ‘ಆಡಿಯೊ ಸೆಟಪ್’ ಎಂಬ ಗುಂಡಿ ಇದೆ. ಮುಖ್ಯವಾದ ಮೂರು ಪ್ರಶ್ನೆಗಳಿಗೆ ಉತ್ತರ ಅಲ್ಲೇ ಕೊಡಬೇಕು.

ದನಿ ಎಲ್ಲಿಂದ ಬರಬೇಕು? ‘ರೆಕಾರ್ಡಿಂಗ್ ಡಿವೈಸ್’ನಲ್ಲಿ ನಿಮ್ಮ ಮೈಕಿನ ಹೆಸರು. ಎಲ್ಲಿ ಕೇಳಿಸಬೇಕು? ‘ಪ್ಲೇಬ್ಯಾಕ್ ಡಿವೈಸ್’ನಲ್ಲಿ ನಿಮ್ಮ ಹೆಡ್‌ಫೋನ್. ಎಷ್ಟು ಕಾಲುವೆಯಲ್ಲಿ ಹರಿಯಬೇಕು? ‘ರೆಕಾರ್ಡಿಂಗ್ ಚಾನೆಲ್ಸ್’ನಲ್ಲಿ ಒಂದು, ಅಂದರೆ ಮೋನೊ. ಒಂದು ಬಾಯಿ, ಒಂದು ಮೈಕು, ಒಂದು ಕಾಲುವೆ. ಎರಡು ತೂತಿನ ಇಂಟರ್‌ಫೇಸಿಗೆ ಒಂದೇ ಮೈಕು ಹಾಕಿ ಸ್ಟೀರಿಯೊ ಎಂದು ಇಟ್ಟರೆ ಹಾಡು ಎಡಗಿವಿಯಲ್ಲಿ ಮಾತ್ರ ಕೇಳಿಸುತ್ತದೆ, ಬಲಗಿವಿ ಖಾಲಿ. ಮೈಕನ್ನು ಮೊದಲನೆಯ ತೂತಿಗೇ ಸಿಕ್ಕಿಸಿ.

ಇಷ್ಟಾದ ಮೇಲೆ ಆರಿಸಿದ ಮೈಕೇ ಕೇಳಿಸಿಕೊಳ್ಳುತ್ತಿದೆಯೇ ಎಂದು ಕಣ್ಣಾರೆ ನೋಡಿ. ಮೈಕಿನ ಜಾಲರಿಯ ಮೇಲೆ ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಆಮೇಲೆ ಲ್ಯಾಪ್‌ಟಾಪಿನ ಮೈಮೇಲೆ ಕೆರೆಯಿರಿ. ಮೊದಲನೆಯದಕ್ಕೆ ಮೀಟರ್ ಜಿಗಿಯಬೇಕು, ಎರಡನೆಯದಕ್ಕೆ ಸುಮ್ಮನಿರಬೇಕು. ಹತ್ತು ಸೆಕೆಂಡಿನ ಕೆಲಸ. ಅಂದು ನಾನಿದನ್ನು ಮಾಡಿದ್ದರೆ ಅತ್ತೆಯ 40 ನಿಮಿಷ ಉಳಿಯುತ್ತಿತ್ತು.

ಇನ್ನು ಅಂಕಿಗಳ ಮಾತು. ಗಣಕ ದನಿಯನ್ನು ಗೆರೆಯಾಗಿ ಎಳೆಯುವುದಿಲ್ಲ, ಚುಕ್ಕಿಯಾಗಿ ಇಡುತ್ತದೆ. ಸೆಕೆಂಡಿಗೆ ಎಷ್ಟು ಚುಕ್ಕಿ ಎಂಬುದೇ ಸ್ಯಾಂಪಲ್ ರೇಟ್. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನದವರೆಗೆ ಕೇಳಬಲ್ಲುದು. ಒಂದು ಕಂಪನವನ್ನು ಅಂಕಿಯಲ್ಲಿ ಹಿಡಿಯಲು ಎರಡು ಚುಕ್ಕಿಗಿಂತ ಹೆಚ್ಚು ಬೇಕು. 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿ ಅದಕ್ಕೆಂದೇ 44,100 ಚುಕ್ಕಿ ಇಟ್ಟುಕೊಂಡಿತು. ಬರಿಯ ಹಾಡಿಗೆ 44,100, ವಿಡಿಯೊಗೆ ಜೋಡಿಸುವುದಿದ್ದರೆ 48,000 ಇಟ್ಟುಕೊಳ್ಳಿ. ಒಂದೊಂದು ಚುಕ್ಕಿಯ ಎತ್ತರವನ್ನು ಎಷ್ಟು ಸೂಕ್ಷ್ಮವಾಗಿ ಅಳೆಯಬೇಕು ಎಂಬುದು ಬಿಟ್ ಲೆಕ್ಕ. 16 ಬಿಟ್‌ನಲ್ಲಿ 65,536 ಮೆಟ್ಟಿಲು, 24 ಬಿಟ್‌ನಲ್ಲಿ 1 ಕೋಟಿ 67 ಲಕ್ಷಕ್ಕೂ ಮೀರಿದ ಮೆಟ್ಟಿಲು. ಸಾಧನ ಒಪ್ಪಿದರೆ ಮುದ್ರಿಸುವಾಗ 24 ಬಿಟ್ ಒಳ್ಳೆಯದು. ಮೆಲ್ಲಗೆ ಹಾಡಿದ ಸಾಲಿನಲ್ಲೂ ಮೆಟ್ಟಿಲಿಗೆ ಬರ ಬರುವುದಿಲ್ಲ.

ಐದನೆಯ ತಿರುವು: ಮಟ್ಟ

ಇಡೀ ದಾರಿಯಲ್ಲಿ ಸರಿಪಡಿಸಲಾಗದ ತಪ್ಪು ಆಗುವುದು ಇಲ್ಲೇ. ಡಿಜಿಟಲ್ ಮೀಟರಿನಲ್ಲಿ ಎಲ್ಲಕ್ಕಿಂತ ಮೇಲಿರುವುದು ಸೊನ್ನೆ. ಅದೇ ತಾರಸಿ. ಅದರ ಕೆಳಗಿನ ಎತ್ತರಗಳನ್ನೆಲ್ಲ ಋಣ ಚಿಹ್ನೆ ಹಾಕಿ ಹೇಳುತ್ತಾರೆ. ದನಿಯ ಅಲೆ ಸೊನ್ನೆಯನ್ನು ಮುಟ್ಟಿ ಮೀರಲು ಹೊರಟರೆ ಅದರ ತಲೆ ಕತ್ತರಿಸಿ ಚಪ್ಪಟೆಯಾಗುತ್ತದೆ. ಇದನ್ನು ಕ್ಲಿಪ್ಪಿಂಗ್ ಅನ್ನುತ್ತಾರೆ. ಕಿವಿಗೆ ಹರಕು ಸ್ಪೀಕರಿನಂತೆ ಕೇಳಿಸುತ್ತದೆ. ಕತ್ತರಿಸಿ ಬಿದ್ದ ತಲೆಯನ್ನು ಇದ್ದ ಹಾಗೇ ಮರಳಿಸುವ ಉಪಾಯವಿಲ್ಲ. ಆಡಾಸಿಟಿ ಒಳಗೆ 32 ಬಿಟ್ ಫ್ಲೋಟ್ ಎಂಬ ವಿಶಾಲ ಲೆಕ್ಕ ಇಟ್ಟುಕೊಳ್ಳುತ್ತದೆ, ನಿಜ. ಆದರೆ ಮೈಕಿನ ಅಥವಾ ಇಂಟರ್‌ಫೇಸಿನ ಚಿಪ್ಪಿನಲ್ಲೇ ತಲೆ ಹೋಗಿದ್ದರೆ ತಂತ್ರಾಂಶಕ್ಕೆ ಬರುವುದು ತಲೆಯಿಲ್ಲದ ದನಿಯೇ.

ಆದ್ದರಿಂದ ಹಾಡುವವರನ್ನು ಆ ಹಾಡಿನ ಅತಿ ಗಟ್ಟಿಯಾದ ಸಾಲನ್ನು, ತಾರಸ್ಥಾಯಿಯ ಜಾಗವನ್ನು ಒಮ್ಮೆ ಹಾಡಲು ಕೇಳಿ. ಆಗ ಮೀಟರ್ ಋಣ 12 ಡೆಸಿಬೆಲ್‌ನ ಆಸುಪಾಸಿಗೆ ಬಂದು ನಿಲ್ಲುವಂತೆ ಮೈಕಿನ ಅಥವಾ ಇಂಟರ್‌ಫೇಸಿನ ಮೇಲೆ ದನಿಯ ಮಟ್ಟ ಏರಿಳಿಸುವ ‘ಗೇನ್’ ಗುಂಡಿ ತಿರುಗಿಸಿ. ಮುದ್ರಣ ಶುರುವಾದ ಮೇಲೆ ಹಾಡುವವರು ಹುರುಪಿನಲ್ಲಿ ಇನ್ನಷ್ಟು ಎತ್ತುತ್ತಾರೆ. ಆಗಲೂ ಋಣ 6 ದಾಟದಿದ್ದರೆ ನೆಮ್ಮದಿ. ಪರದೆಯ ಅಲೆ ಸಣ್ಣದಾಗಿ ಕಾಣುತ್ತದಲ್ಲ ಎಂದು ಗೇನ್ ಏರಿಸಬೇಡಿ. ಸಣ್ಣ ಅಲೆಯನ್ನು ಆಮೇಲೆ ದೊಡ್ಡದು ಮಾಡಬಹುದು.

ಆರನೆಯ ತಿರುವು: ಕೆಂಪು ಗುಂಡಿ

ಈಗ ಗುಂಡಿ ಒತ್ತಬಹುದು. ಆಡಾಸಿಟಿಯಲ್ಲಿ ‘ಆರ್’ ಅಕ್ಷರದ ಕೀಲಿ ಒತ್ತಿದರೆ ಮುದ್ರಣ ಆರಂಭ, ಸ್ಪೇಸ್ ಕೀಲಿ ಒತ್ತಿದರೆ ನಿಲುಗಡೆ. ಮೊದಲು ಅರ್ಧ ನಿಮಿಷ ಮಾತ್ರ ಮುದ್ರಿಸಿ, ನಿಲ್ಲಿಸಿ, ಹೆಡ್‌ಫೋನಿನಲ್ಲಿ ಪೂರ್ತಿ ಕೇಳಿ. ಆ ಅರ್ಧ ನಿಮಿಷ ಸರಿಯಿದ್ದರೆ ದಾರಿಯೆಲ್ಲ ಸರಿಯಿದೆ ಎಂದು ಅರ್ಥ.

ನಿಜವಾದ ಮುದ್ರಣ ಶುರುವಾದ ಮೇಲೆ ಹತ್ತು ಸೆಕೆಂಡು ಎಲ್ಲರೂ ಸುಮ್ಮನಿರಿ. ಖಾಲಿ ಕೋಣೆಯ ಆ ಸದ್ದು ಮುಂದೆ ಕೆಲಸಕ್ಕೆ ಬರುತ್ತದೆ. ಆಮೇಲೆ ಹಾಡುವವರೇ ತಮ್ಮ ಹೆಸರು, ಊರು, ದಿನಾಂಕ, ಪದ ಯಾವ ಸಂದರ್ಭದ್ದು ಎಂದು ಬಾಯಿಬಿಟ್ಟು ಹೇಳಲಿ. ಭಾರತದ ಆರಂಭದ ಧ್ವನಿಮುದ್ರಣಗಳಲ್ಲೇ ಈ ಪದ್ಧತಿ ಇದೆ. 1902ರಲ್ಲಿ ಕೋಲ್ಕತ್ತದ ಹೋಟೆಲ್ ಕೋಣೆಯೊಂದರಲ್ಲಿ ಗಾಯಕಿ ಗೌಹರ್ ಜಾನ್ ಅವರು ಗ್ರಾಮಫೋನ್ ಕಂಪನಿಗೆ ಹಾಡಿದಾಗ, ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ತಾವೇ ಘೋಷಿಸಿದರು. ತಟ್ಟೆಗಳು ಅಚ್ಚಾಗುತ್ತಿದ್ದದ್ದು ಜರ್ಮನಿಯಲ್ಲಿ. ಅಲ್ಲಿನವರಿಗೆ ಯಾರ ಹಾಡೆಂದು ತಿಳಿಯಬೇಕಿತ್ತು. ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದ ಗೌಹರ್ ಜಾನ್ 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅವರ ಹೆಸರು ಮಾತ್ರ ಅವರದೇ ದನಿಯಲ್ಲಿ ಇಂದಿಗೂ ಉಳಿದಿದೆ. ಕಡತದ ಹೆಸರು ಬದಲಾಗಬಹುದು, ಚೀಟಿ ಕಳೆಯಬಹುದು. ದನಿಯೊಳಗೇ ಇರುವ ಹೆಸರು ಕಳೆಯುವುದಿಲ್ಲ. ಮುದ್ರಿಸುವ ಮೊದಲು ಅವರ ಒಪ್ಪಿಗೆಯನ್ನೂ, ಯಾರ್ಯಾರಿಗೆ ಕೇಳಿಸಬಹುದು ಎಂಬುದನ್ನೂ ಕೇಳಿಕೊಳ್ಳಬೇಕು. ಪದ ಅವರದು.

ನಡುವೆ ತಪ್ಪಿದರೆ ನಿಲ್ಲಿಸಬೇಡಿ. ಸ್ವಲ್ಪ ತಡೆದು, ತಪ್ಪಿದ ಸಾಲನ್ನು ಮೊದಲಿನಿಂದ ಹೇಳಿದರೆ ಸಾಕು. ಬೇಡದ್ದನ್ನು ಆಮೇಲೆ ಕತ್ತರಿಸಬಹುದು.

ಒಂದರ ಮೇಲೊಂದು ಟ್ರ್ಯಾಕ್ ಮುದ್ರಿಸುವ ಆಸೆ ಬೇಗನೆ ಹುಟ್ಟುತ್ತದೆ. ಮೊದಲು ಶ್ರುತಿ ಅಥವಾ ತಾಳ, ಅದರ ಮೇಲೆ ಹಾಡು. ಆಗ ಎರಡು ವಿಷಯ ನೆನಪಿಡಿ. ಒಂದು, ಹಳೆಯ ಟ್ರ್ಯಾಕನ್ನು ಹೆಡ್‌ಫೋನಿನಲ್ಲೇ ಕೇಳಬೇಕು. ಸ್ಪೀಕರಿನಲ್ಲಿ ಹಾಕಿದರೆ ಅದೂ ಮೈಕಿಗೆ ಹೊಕ್ಕು ಎರಡು ಸಲ ಮುದ್ರಣವಾಗುತ್ತದೆ. ಎರಡು, ಗಣಕ ದನಿಯನ್ನು ಬೊಗಸೆ ಬೊಗಸೆಯಾಗಿ ಮೊಗೆಯುವುದರಿಂದ ತುಸು ತಡವಾಗುತ್ತದೆ. ಬೊಗಸೆಯನ್ನು ಬಫರ್ ಅನ್ನುತ್ತಾರೆ. 48,000 ಚುಕ್ಕಿಯ ಲೆಕ್ಕದಲ್ಲಿ 256 ಚುಕ್ಕಿಯ ಬೊಗಸೆ ತುಂಬಲು 5.3 ಮಿಲಿಸೆಕೆಂಡ್, 1,024 ಚುಕ್ಕಿಯದಕ್ಕೆ 21.3 ಮಿಲಿಸೆಕೆಂಡ್. ಮೊದಲನೆಯದು ಮೃದಂಗದವರು ಎರಡು ಮೀಟರ್ ಒಳಗೆ ಕೂತಂತೆ, ಎರಡನೆಯದು ಏಳು ಮೀಟರ್ ಆಚೆ ಕೂತಂತೆ. ಈ ತಡ ಹೋಗುವಾಗೊಮ್ಮೆ ಬರುವಾಗೊಮ್ಮೆ ಸೇರಿದರೆ ತಾಳ ಜಾರುತ್ತದೆ. ಬೊಗಸೆ ತೀರ ಚಿಕ್ಕದಾದರೆ ಗಣಕಕ್ಕೆ ಬಿಡುವಿಲ್ಲದೆ ಚಟಪಟ ಸದ್ದು ಬರುತ್ತದೆ. ಇಂಟರ್‌ಫೇಸಿನಲ್ಲಿ ‘ಡೈರೆಕ್ಟ್ ಮಾನಿಟರ್’ ಎಂಬ ಗುಂಡಿ ಇದ್ದರೆ ಒತ್ತಿ. ನಿಮ್ಮ ದನಿ ಗಣಕಕ್ಕೆ ಹೋಗಿ ಬರದೆ ನೇರ ಕಿವಿಗೆ ಬರುತ್ತದೆ.

ಕೊನೆಯ ತಿರುವು: ಉಳಿಸುವುದು

ತಿದ್ದುವ ಕೆಲಸದಲ್ಲಿ ಕೈ ಬಿಗಿ ಇರಲಿ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಸಲ ಆಂದೋಲಿಸುವುದರಿಂದ ‘ಗುಂಯ್’ ಎಂಬ ತಳದ ಸದ್ದು ನುಸುಳಿರಬಹುದು. ‘ಹೈ ಪಾಸ್ ಫಿಲ್ಟರ್’ನಲ್ಲಿ 80 ಹರ್ಟ್ಜ್ ಇಟ್ಟರೆ ಅದು ತಗ್ಗುತ್ತದೆ, ದನಿಗೆ ಪೆಟ್ಟಾಗುವುದಿಲ್ಲ. ಮುದ್ರಿಸುವ ಮುನ್ನವೇ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡುವುದು ಇನ್ನೂ ಒಳ್ಳೆಯದು. ಎಷ್ಟೋ ಸಲ ಸದ್ದಿನ ಮೂಲ ಅದೇ. ‘ನಾಯ್ಸ್ ರಿಡಕ್ಷನ್’ಗೆ ಆ ಹತ್ತು ಸೆಕೆಂಡಿನ ಖಾಲಿ ಸದ್ದನ್ನು ಮಾದರಿಯಾಗಿ ಕೊಟ್ಟರೆ ಅದೇ ಬಗೆಯ ಸದ್ದನ್ನು ಹಾಡಿನುದ್ದಕ್ಕೂ ತಗ್ಗಿಸುತ್ತದೆ. ಸ್ವಲ್ಪವೇ ಬಳಸಿ. ಹೆಚ್ಚಾದರೆ ದನಿ ನೀರೊಳಗಿಂದ ಬಂದಂತಾಗುತ್ತದೆ.

‘ಸೇವ್’ ಬೇರೆ, ‘ಎಕ್ಸ್‌ಪೋರ್ಟ್’ ಬೇರೆ ಎಂಬುದನ್ನು ಗಟ್ಟಿಯಾಗಿ ನೆನಪಿಡಿ. ಸೇವ್ ಮಾಡಿದರೆ ಆಡಾಸಿಟಿಗೆ ಮಾತ್ರ ಅರ್ಥವಾಗುವ ಪ್ರಾಜೆಕ್ಟ್ ಕಡತ ಸಿಗುತ್ತದೆ. ಅದನ್ನು ತಂಗಿಯ ಫೋನಿಗೆ ಕಳಿಸಿದರೆ ತೆರೆಯುವುದಿಲ್ಲ. ಎಲ್ಲರಿಗೂ ಕೇಳಿಸಬೇಕಾದರೆ ಎಕ್ಸ್‌ಪೋರ್ಟ್ ಮಾಡಬೇಕು. ವಾಟ್ಸ್‌ಆ್ಯಪಿನಲ್ಲಿ ಹಂಚಲು ಎಂಪಿ3 ಸಾಕು. ಕಾಪಾಡಲು ವೇವ್. ಎಂಪಿ3 ಗಾತ್ರ ಉಳಿಸಲೆಂದು ದನಿಯ ಕೆಲವು ಭಾಗವನ್ನು ಎಸೆಯುತ್ತದೆ, ವೇವ್ ಎಲ್ಲವನ್ನೂ ಇಟ್ಟುಕೊಳ್ಳುತ್ತದೆ. 44,100 ಚುಕ್ಕಿಯ 16 ಬಿಟ್ ಮೋನೊ ವೇವ್ ನಿಮಿಷಕ್ಕೆ ಸುಮಾರು 5.3 ಎಂಬಿ. 40 ನಿಮಿಷಕ್ಕೆ 212 ಎಂಬಿ, 24 ಬಿಟ್ ಆದರೆ 318 ಎಂಬಿ. ಇಂದಿನ ಪೆನ್‌ಡ್ರೈವಿಗೆ ಇದು ಭಾರವೇ ಅಲ್ಲ. ಒಂದು ಪ್ರತಿ ಲ್ಯಾಪ್‌ಟಾಪಿನಲ್ಲಿ, ಇನ್ನೊಂದು ಪೆನ್‌ಡ್ರೈವಿನಲ್ಲಿ, ಮತ್ತೊಂದು ಬೇರೆ ಊರಿನ ನೆಂಟರ ಮನೆಯಲ್ಲಿ ಅಥವಾ ಅಂತರ್ಜಾಲದ ಸಂಗ್ರಹದಲ್ಲಿ ಇರಲಿ. ಒಂದೇ ಪ್ರತಿ ಇಟ್ಟವರು ಒಂದು ದಿನ ಕಳೆದುಕೊಳ್ಳುತ್ತಾರೆ.

ಯಾವ ಹಂತದಲ್ಲಿ ಏನೇ ಕೆಟ್ಟರೂ ಗಾಬರಿಯಾಗಿ ಸಿಕ್ಕಿದ್ದೆಲ್ಲ ಒತ್ತಬೇಡಿ. ದನಿಯ ದಾರಿಯನ್ನೇ ಮೊದಲಿನಿಂದ ನಡೆಯಿರಿ. ಮೈಕಿಗೆ ವಿದ್ಯುತ್ತು ಬಂದಿದೆಯೇ, ಅದರ ಮೇಲಿನ ಮ್ಯೂಟ್ ಗುಂಡಿ ಒತ್ತಿದೆಯೇ? ಗಣಕ ಅನುಮತಿ ಕೊಟ್ಟಿದೆಯೇ? ತಂತ್ರಾಂಶ ಆ ಮೈಕನ್ನೇ ಆರಿಸಿದೆಯೇ? ಮೀಟರ್ ಅಲುಗುತ್ತಿದೆಯೇ? ಅಲುಗುತ್ತಿದ್ದೂ ಕೇಳಿಸದಿದ್ದರೆ ಹೆಡ್‌ಫೋನ್ ಆರಿಸಿದ್ದೀರಾ? ಎಲ್ಲಿಯವರೆಗೆ ದನಿ ಬಂದಿದೆ, ಎಲ್ಲಿಂದ ಮುಂದೆ ಹೋಗಿಲ್ಲ ಎಂದು ಗೊತ್ತಾದ ಕೂಡಲೇ ಅರ್ಧ ದುರಸ್ತಿ ಮುಗಿದಂತೆ.

ಮರುದಿನ ಬೆಳಿಗ್ಗೆ ಅತ್ತೆಯ ಬಳಿ ಆದದ್ದನ್ನು ಇದ್ದ ಹಾಗೇ ಹೇಳಿದೆ. “ಅತ್ತೆ, ತಪ್ಪು ನಂದೇ. ಇನ್ನೊಂದ್ ಸಲ ಹೇಳ್ಬೇಕು” ಅಂದೆ. “ಅದ್ಕೇನಂತೆ, ಪದ ಏನ್ ಸವೀತದಾ?” ಅಂದು ಮತ್ತೆ ಚಾಪೆಯ ಮೇಲೆ ಕೂತರು. ಈ ಸಲ ಒಳಕೋಣೆಯಲ್ಲಿ, ರಾಗಿ ಮೂಟೆಗಳ ನಡುವೆ, ಗೋಡೆಗೆ ರಗ್ಗು ಕಟ್ಟಿ. ಮೈಕನ್ನು ಕೆರೆದು ನೋಡಿ, ಅರ್ಧ ನಿಮಿಷ ಮುದ್ರಿಸಿ ಕೇಳಿ, ಆಮೇಲೆ ಶುರು ಮಾಡಿದೆ. ಮೊದಲ ಪದ ಮುಗಿದಾಗ ಹೆಡ್‌ಫೋನನ್ನು ಅವರ ತಲೆಗೆ ಹಾಕಿ ಕೇಳಿಸಿದೆ. ತಮ್ಮ ದನಿಯನ್ನು ಅವರು ಹೊರಗಿನಿಂದ ಕೇಳಿದ್ದು ಅದೇ ಮೊದಲು. ಕಣ್ಣು ಮುಚ್ಚಿ, ಬೆರಳಿನಲ್ಲಿ ಮಂಡಿಯ ಮೇಲೆ ತಾಳ ಹಾಕುತ್ತ ಪೂರ್ತಿ ಕೇಳಿ, ಹೆಡ್‌ಫೋನ್ ತೆಗೆದು, “ನಡುವ್ಲಾಗೆ ಒಂದ್ ಸೊಲ್ಲು ಬಿಟ್ಬುಟ್ಟಿವ್ನಿ, ತಿರ್ಗ ಹಾಕು” ಅಂದರು.

ಆ ಸೊಲ್ಲು ನನಗೆ ಗೊತ್ತಿರಲಿಲ್ಲ, ಮನೆಯಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಕೇಳಿಸಿರದಿದ್ದರೆ ಆ ಪದ ಒಂದು ಸೊಲ್ಲು ಕಳೆದುಕೊಂಡೇ ಕಡತದಲ್ಲಿ ಕೂರುತ್ತಿತ್ತು. ದನಿಯ ದಾರಿ ಡಿಸ್ಕಿನಲ್ಲಿ ಮುಗಿಯುವುದಿಲ್ಲ, ಹೇಳಿದವರ ಕಿವಿಗೆ ವಾಪಸು ಬಂದ ಮೇಲೆ ಮುಗಿಯುತ್ತದೆ. ನಿಮ್ಮ ಮೊದಲ ಟ್ರ್ಯಾಕನ್ನು ಮೊದಲು ಅವರಿಗೇ ಕೇಳಿಸಿ.